ಹಿಟ್ಟಿನ ಹೆಬ್ಬೆಟ್ಟು

ನಮ್ಮ ಹಟ್ಟಿಯಿಂದ ರಾಂಪುರದ ಸಂತೆಗೂ ಕಾಲ್ನಡಿಗೇಲೇ ಹೋಗ್ತಿದ್ದ ಕಾಲ ಅದು. ನನಗೆ ಒಂಬತ್ತೋ ಹತ್ತೋ. ಶೇಂಗಾ ಕಿತ್ತ ಹೊಲದಲ್ಲಿ ಉಳಿದ ಕಾಯಿ ಆಯ್ದು, ಸುಟ್ಟು ತಿಂದು, ಮೂತಿ ಕರ್ರಗೆ ಮಾಡ್ಕೊಂಡು ಮನೆಗೆ ಬಂದರೆ ಅಂಗಳದಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ. ಮಿಲಿಟರಿಗೆ ಹೋಗಿದ್ದ ನನ್ನ ಅಣ್ಣ ಯುದ್ಧದಲ್ಲಿ ಸತ್ತಿದ್ದ. ಹೆಣ ಗಡಿಯಲ್ಲೇ ಸುಟ್ಟರಂತೆ. ಊರಿಗೆ ಬಂದದ್ದು ಅವನ ಬಟ್ಟೆ, ಬೂಟು ಅಷ್ಟೇ.

ನಮ್ಮಲ್ಲಿ ಸತ್ತವರನ್ನ ಹೂಳೋದು. ಆ ಬಟ್ಟೆನಾದ್ರೂ ಹಿರೀಕರ ಪಕ್ಕ ಹೂಳ್ತೀನಿ ಅಂತ ಅವ್ವ ಗುಣಿ ತೆಗೆಸಿದಳು. ಮಾರನೇ ಬೆಳಿಗ್ಗೆ ಊರ ಗೌಡ ಜನ ಕಟ್ಕೊಂಡು, ದೊಣ್ಣೆ ಹಿಡಿದು ಅಲ್ಲಿಗೇ ಬಂದ.

"ಹೆಣ ಇಲ್ದೆ ಗುಣಿ ತೆಗೀತಾರೇನವ್ವಾ? ಬರಿಗುಣಿ ಬಾಯಿ ತೆಕ್ಕೊಂಡು ಊರಾಗೆ ಇನ್ನೊಂದು ಹೆಣ ಕೇಳ್ತೈತೆ. ಮುಚ್ಚು!"

"ಕೇಳಿದ್ರೆ ನಿನ್ನೇ ಕೊಡ್ತೀವಿ ಗೌಡ," ಅಂದ ನಮ್ಮ ಚಿಕ್ಕಪ್ಪ.

ಅಷ್ಟೇ ಸಾಕಾಯ್ತು. ದೊಣ್ಣೆ ಏಟಿಗೆ ಚಿಕ್ಕಪ್ಪನ ಮೊಣಕೈ ಒಣ ಜಾಲಿ ಮುರಿದಂಗೆ ಲಟಕ್ ಅಂತು. ಅಪ್ಪ ಗುದ್ದಲಿ ಕಾವಿನಿಂದ ಒಬ್ಬನ ಹಲ್ಲು ಉದುರಿಸಿದ. ಇನ್ನೊಬ್ಬ ಅವ್ವನ ತುರುಬು ಹಿಡಿದು ಕಲ್ಲುನೆಲದ ಮೇಲೆ ಎಳೆದ. ನಾನು ಕೈಗೆ ಸಿಕ್ಕ ಕಲ್ಲು ಬೀಸಿದೆ. ಗೌಡನ ಹುಬ್ಬು ಸೀಳಿ ರಕ್ತ ಕಣ್ಣಿಗಿಳೀತು.

ಅಷ್ಟರಲ್ಲಿ ಅವ್ವ ಕೊಸರಿಕೊಂಡು ಗುಣಿಗೆ ಹಾರಿ ಅಂಗಾತ ಮಲಗಿಬಿಟ್ಟಳು. "ಹೆಣ ತಾನೇ ಬೇಕು? ಎಳೀರಿ ಮಣ್ಣು!"

ಎತ್ತಿದ ದೊಣ್ಣೆ ಎತ್ತಿದಂಗೇ ನಿಂತವು. ಆಗ ಅಜ್ಜಿ, ಅಪ್ಪನ ಅವ್ವ, ಮುಂದೆ ಬಂದಳು. "ಗುಣಿಗೆ ಮೈ ಬೇಕಲ್ಲೇನ್ರೋ? ರಾಗಿ ಹಿಟ್ಟಿನಾಗೆ ಅವನಷ್ಟುದ್ದ ಮೈ ಮಾಡಿ, ಅವನ ಬಟ್ಟೆ ಹಾಕಿ ಮಣ್ಣು ಮಾಡಾಣ. ಏಳವ್ವಾ ಮೇಲೆ."

ನಮ್ಮನೆ ಹಿಟ್ಟು ಅಣ್ಣನ ಮೊಣಕಾಲಿಗೇ ಮುಗೀತು. ಗೌಡ ಹುಬ್ಬಿಗೆ ಟವೆಲ್ ಒತ್ಕೊಂಡೇ, ನೋಡೋಕೆ ಬಂದಿದ್ದ ಹೆಂಡತಿಗೆ, "ನಮ್ಮದೂ ಒಂದು ಮೊರ ತಾರೇ" ಅಂದ. ಬಿಸಿನೀರು ಬಿದ್ದದ್ದೇ ಮುದ್ದೆಯ ಘಮ ಎದ್ದಿತು. ಬೆಳಿಗ್ಗೆಯಿಂದ ನನ್ನ ಹೊಟ್ಟೆಗೆ ಏನಿಲ್ಲ. ಅಣ್ಣನ ಬಲಗೈ ಹೆಬ್ಬೆಟ್ಟು ಕಿತ್ತು ಬಾಯಿಗಿಟ್ಟುಕೊಂಡೆ. ಅವ್ವ ನೋಡಿಬಿಟ್ಟಳು. ಹೊಡೀಲಿಲ್ಲ.

"ನುಂಗು," ಅಂದಳು. "ಇದ್ದಿದ್ರೂ ತನ್ನ ತುತ್ತು ನಿನಗೇ ಕೊಡ್ತಿದ್ದ."

ಈಗ ನಾನೂ ಮುದುಕಿ. ಮೊನ್ನೆ ಟಿವಿಯಲ್ಲಿ ದೇಶದ ದೊಡ್ಡೋರೆಲ್ಲ ಸತ್ತ ಸೈನಿಕರ ಸ್ಮಾರಕಕ್ಕೆ ಹೂವಿನ ಚಕ್ರ ಇಟ್ಟು ತಲೆ ಬಾಗಿಸಿದರು. ಪಕ್ಕದಲ್ಲಿ ಬಂದೂಕು ತಲೆಕೆಳಗು ಹಿಡಿದು ನಿಂತವಳು ಯಾರು? ನನ್ನ ಮೊಮ್ಮಗಳು ಕಣ್ರೀ, ನನ್ನ ಮೊಮ್ಮಗಳು! ಹಿಗ್ಗು ತಡೀಲಾರದೆ ಹಟ್ಟಿಗೆಲ್ಲ ಬೆಲ್ಲ ಹಂಚಿದೆ. ಗೌಡನ ಮೊಮ್ಮಗ, "ಅಜ್ಜೀ, ಕೈಯಾಗೆ ಬೆಲ್ಲನೇ ತಾನೇ? ಕಲ್ಲಲ್ವಲ್ಲ?" ಅಂದ. ಬಾಯಿಗೇ ತುರುಕಿದೆ.

ನೋಡಬೇಕಿದ್ದ ಅವ್ವ ಇಲ್ಲ. ಅವತ್ತು ಹೊಡೆದಾಡಿದವರಲ್ಲಿ ನನ್ನ ಬಿಟ್ಟರೆ ಒಬ್ಬರೂ ಉಳಿದಿಲ್ಲ. ಅಣ್ಣನ ಗುಣಿಯ ದಿಬ್ಬ ಮಳೆಗೆ ಕರಗಿ ನೆಲಸಮ ಆಗೈತೆ, ಎಲ್ಲಿತ್ತು ಅಂತ ತೋರಿಸೋಕೂ ನನಗೀಗ ತಿಳಿಯಲ್ಲ.

ಅದೇ ದಿನ ಸಂಜೆ ಮೊಮ್ಮಗಳು ಫೋನ್ ಮಾಡಿದಳು. "ಅಜ್ಜೀ, ಇಲ್ಲಿ ಗೋಡೆ ತುಂಬ ಸತ್ತೋರ ಹೆಸರು ಕೆತ್ತವ್ರೆ. ನಿಮ್ಮಣ್ಣಂದು ಹುಡುಕಿ ಮುಟ್ಟಿ ಬರ್ತೀನಿ."

"ಬಲಗೈ ಹೆಬ್ಬೆಟ್ಟಿಂದ ಮುಟ್ಟವ್ವಾ," ಅಂದೆ.