ಮಾವ ಹೇಳದ ಸಾಲು

ಮಾವನ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳಿಂದ ದೂರ ಸರಿದು ನಿಂತಿತ್ತು, ಜಗಳವಾಡಿ ಬೇರೆ ಮನೆ ಮಾಡಿದ ಅಣ್ಣನ ಹಾಗೆ. ಐವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕೂತು ಕಾಲಡಿಯ ಹಲಗೆ ತುಳಿದದ್ದರ ಗುರುತು ಅದು. ಕಣ್ಣಿಗೆ ಪೊರೆ ಬಂದು ನೇಯುವುದನ್ನು ಬಿಟ್ಟ ಮೇಲೂ ಆ ಬೆರಳು ಸುಮ್ಮನಿರುತ್ತಿರಲಿಲ್ಲ. ಪತ್ರಿಕೆಯಲ್ಲಿ ಮೈ ಉರಿಸುವ ಸುದ್ದಿ ಬಂದರೆ ಸಾಕು, ಜಗಲಿಯ ಮೇಲೆ ಕೂತಲ್ಲೇ ಇಲ್ಲದ ಹಲಗೆಯನ್ನು ತುಳಿಯುತ್ತಿತ್ತು. ನಾನು ಓದುತ್ತಲೇ ಒಂದು ಕಣ್ಣು ಆ ಬೆರಳಿನ ಮೇಲೆ ಇಟ್ಟಿರುತ್ತಿದ್ದೆ. ಬೆರಳು ಆಡಿತೆಂದರೆ ಓದು ನಿಲ್ಲಿಸಬೇಕು. ಮಾವ ಮಾತಾಡುತ್ತಾರೆ.

ಅವರು ನನಗೆ ನೆಂಟರಲ್ಲ. ಮೊಳಕಾಲ್ಮೂರಿನ ನಮ್ಮ ಬೀದಿಯವರೆಲ್ಲ ಅವರನ್ನು ಮಾವ ಎನ್ನುತ್ತಿದ್ದರು, ನಾನೂ ಅಂದೆ. ಅವರ ಮನೆಮಾತು ತೆಲುಗು, ಸಿಟ್ಟಿನ ಮಾತು ಕನ್ನಡ. ನನ್ನನ್ನು ಅಮ್ಮಾಯಿ ಎಂದು ಕರೆಯುತ್ತಿದ್ದರು, ಅಂದರೆ ಹುಡುಗಿ. ನಾನು ಅಜ್ಜಿಯಾದ ಮೇಲೂ ಅವರಿಗೆ ಅಮ್ಮಾಯಿಯೇ. ಅವರ ಮನೆಯ ಪಡಸಾಲೆಯಲ್ಲಿ ರಾಟೆ ಇಟ್ಟುಕೊಂಡು ನಾನು ಕಂಡಿಕೆ ಸುತ್ತುತ್ತಿದ್ದೆ. ಲಾಳಿಯೊಳಗೆ ಕೂರುವ ಚಿಕ್ಕ ನಳಿಗೆಗೆ ರೇಷ್ಮೆ ನೂಲು ಸುತ್ತುವ ಕೆಲಸ ಅದು. ನೇಕಾರರ ಸಂಘದವರು ರೇಷ್ಮೆ ತೂಗಿ ಕೊಡುತ್ತಿದ್ದರು, ತೂಗಿ ವಾಪಸು ತೆಗೆದುಕೊಳ್ಳುತ್ತಿದ್ದರು. ನಂಬಿಕೆ ಇದ್ದವರಿಗೆ ಮಾತ್ರ ರೇಷ್ಮೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮದುವೆಯಾದ ಮೇಲೆ ಅಕ್ಷರ ಬಳಸಿದ್ದು ಬಸ್ಸಿನ ಬೋರ್ಡು ನೋಡಲು ಮಾತ್ರ. ಮಾವನ ಕಣ್ಣು ಮಂಜಾದಾಗ ಒಂದು ದಿನ ಪತ್ರಿಕೆಯನ್ನು ನನ್ನ ಮಡಿಲಿಗೆ ಹಾಕಿ ಓದು ಅಂದರು. ನನಗೆ ತಡೆದು ತಡೆದು ಓದಬೇಕು, ಹೊತ್ತಾಗುತ್ತೆ ಎಂದೆ. "ನಿಧಾನ ಓದಮ್ಮಾಯಿ. ಸುದ್ದಿ ಎಲ್ಲಿಗೂ ಓಡಿ ಹೋಗಲ್ಲ. ಅದು ಆಗ್ಲೇ ನಿನ್ನೇದು" ಅಂದರು. ಮೊದಮೊದಲು ಒಂದು ಸುದ್ದಿ ಮುಗಿಸುವಷ್ಟರಲ್ಲಿ ಹಣೆ ಬೆವರುತ್ತಿತ್ತು. ಆಮೇಲಾಮೇಲೆ ಚಳ್ಳಕೆರೆಯ ಬೆಳಗಿನ ಬಸ್ಸು ಪತ್ರಿಕೆಯ ಕಟ್ಟು ಇಳಿಸುವುದನ್ನೇ ಕಾಯುವ ಹಾಗಾಯಿತು. ಇವತ್ತು ಮಾವನಿಗೆ ಯಾವುದರ ಮೇಲೆ ಸಿಟ್ಟು ಬರುತ್ತದೋ ನೋಡೋಣ ಎಂಬ ಆಸೆ ನನಗೆ.

ಸಿಟ್ಟಿಗೆ ಬರವಿರಲಿಲ್ಲ. ಮೊಬೈಲ್ ಫೋನಿಗೆ ಬಂದ ಕರೆಗೂ ದುಡ್ಡು ಹಿಡಿಯುತ್ತಾರೆ ಎಂದು ಓದಿದ ದಿನ ಹೆಬ್ಬೆರಳು ನಿಲ್ಲಲೇ ಇಲ್ಲ. "ನಾನು ಸುಮ್ನೆ ಕೇಳಿಸ್ಕೊಂಡಿದ್ದಕ್ಕೂ ದುಡ್ಡು ಕೊಡ್ಬೇಕಾ? ಹಂಗಾದ್ರೆ ಇಷ್ಟು ವರ್ಷ ಪುಢಾರಿಗಳ ಭಾಷಣ ಕೇಳಿದೀನಲ್ಲ, ಅದಕ್ಕೆ ಮೊದ್ಲು ಲೆಕ್ಕ ಮಾಡ್ಲಿ" ಅಂದರು. ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳಿಗೆ ವರ್ಷ ಮರೆತುಹೋಗುತ್ತದೆ, ವಿಮಾನಗಳು ಬೀಳುತ್ತವೆ ಎಂದು ಪತ್ರಿಕೆಯವರು ಹೆದರಿಸಿದಾಗ, ತೊಂಬತ್ತೊಂಬತ್ತಾದ ಮೇಲೆ ಎಣಿಸಲು ಬಾರದ್ದನ್ನು ಬುದ್ಧಿವಂತ ಎಂದವರು ಯಾರು ಎಂದು ಕೇಳಿದರು. ಟಿ.ವಿ.ಯಲ್ಲಿ ನಾಲ್ಕು ಪಕ್ಷದವರು ಒಟ್ಟಿಗೆ ಕೂಗಾಡುವುದನ್ನು ಎದುರು ಮನೆಯಿಂದ ಕೇಳಿಸಿಕೊಂಡು, ಒಂದೇ ಕೋಣೆಯಲ್ಲಿ ಹತ್ತು ಮಗ್ಗ ಆಡಿದರೂ ಯಾವ ಸದ್ದು ಯಾವ ಮಗ್ಗದ್ದು ಎಂದು ಹೇಳಬಲ್ಲೆ, ಇವರಲ್ಲಿ ಯಾರು ಏನಂದರೋ ತಿಳಿಯದು ಎಂದು ಬೇಸರಪಟ್ಟರು. ಅಷ್ಟು ಹೊತ್ತಿಗೆ ಕರೆಂಟು ಹೋಯಿತು. ಈಗ ಗೊತ್ತಾಯ್ತು ಎಂದು ನಕ್ಕರು.

ಹಾಗೆಂದು ಅವರು ಮಷಿನನ್ನು ಕಂಡರಾಗದ ಮನುಷ್ಯ ಅಲ್ಲ. ಬೀದಿಯಲ್ಲಿ ಮಗ್ಗದ ಮೇಲೆ ಟ್ಯೂಬ್‌ಲೈಟು ಹಾಕಿಸಿದವರಲ್ಲಿ ಅವರೇ ಮೊದಲು. ರೇಡಿಯೋ ಕೆಟ್ಟರೆ ತಾವೇ ಬಿಚ್ಚಿ ಕೂರುತ್ತಿದ್ದರು. ಹೊಸದೇನು ಬಂದರೂ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಮಷಿನ್ ಕೆಟ್ಟದ್ದಲ್ಲ ಅಮ್ಮಾಯಿ. ಕೀಲಿ ಯಾರ ಹತ್ರ ಐತೆ, ಅದ ಕೇಳು."

ಶನಿವಾರ ಶನಿವಾರ ನನ್ನ ಕೈಲಿ ಪತ್ರಿಕೆಗೆ ಒಂದು ಕಾರ್ಡು ಬರೆಸುತ್ತಿದ್ದರು, ಓದುಗರ ಪತ್ರಗಳು ಬರುವ ಪುಟಕ್ಕೆ. ಕಾರ್ಡಿನಲ್ಲಿ ಹಿಡಿಯದಷ್ಟು ಮಾತು ಇದ್ದರೆ ತಲೆಯಲ್ಲಿ ಗೋಜಲು ಇದೆ ಎಂದರ್ಥ, ಬಿಡಿಸಿ ಆಮೇಲೆ ಬರೆಸುತ್ತೇನೆ ಎನ್ನುತ್ತಿದ್ದರು. ಎಷ್ಟೋ ವರ್ಷ ಬರೆದೆವು. ಒಂದೂ ಅಚ್ಚಾಗಲಿಲ್ಲ. ಬೆಂಗಳೂರಿನವರ ಕಾಗದ, ಮೈಸೂರಿನವರ ಕಾಗದ, ಪಾರ್ಕಿನ ಬೆಂಚು ಮುರಿದಿದೆ ಎಂಬ ಕಾಗದ ಎಲ್ಲ ಬರುತ್ತಿದ್ದವು. ನನಗೆ ಹೊಟ್ಟೆ ಉರಿಯುತ್ತಿತ್ತು. ಮಾವ ಮಾತ್ರ ಮುಂದಿನ ಶನಿವಾರಕ್ಕೆ ಕಾರ್ಡು ತರಿಸಿಡು ಎನ್ನುತ್ತಿದ್ದರು.

ಹೀಗಿರುವಾಗ ಸಂಘಕ್ಕೆ ಕಂಪ್ಯೂಟರ್ ತರುವ ಮಾತು ಬಂತು. ಸಂಘದ ಹೊಸ ಕಾರ್ಯದರ್ಶಿ ಎಲ್ಲೋ ತರಬೇತಿ ಮುಗಿಸಿ ಬಂದಿದ್ದ, ಉತ್ಸಾಹದ ಮನುಷ್ಯ. ಹಳೆಯ ನೇಕಾರರ ಮನೆಯಲ್ಲಿರುವ ಅಂಚು, ಸೆರಗಿನ ಮಾದರಿ ತುಂಡುಗಳನ್ನೆಲ್ಲ ಕೂಡಿಸಿ ಕಂಪ್ಯೂಟರಿನಲ್ಲಿ ಇಡಬೇಕು ಎಂದ. ಎಲ್ಲರಿಗಿಂತ ಹೆಚ್ಚು ಮಾದರಿ ಇದ್ದದ್ದು ಮಾವನ ಟ್ರಂಕಿನಲ್ಲಿ. ಅವರ ಅಪ್ಪ ನೇಯ್ದದ್ದು, ತಾತ ನೇಯ್ದದ್ದು, ಅವರೇ ಚೌಕಳಿ ಕಾಗದದಲ್ಲಿ ಒಂದೊಂದೇ ಚೌಕ ತುಂಬಿ ಬರೆದದ್ದು. ಅದೇ ವಾರ ನಾನು ಹಾಡಿನ ಸಿ.ಡಿ.ಗಳನ್ನು ಕದ್ದು ನಕಲು ಮಾಡುವವರನ್ನು ಪೊಲೀಸರು ಹಿಡಿದ ಸುದ್ದಿ ಓದಿದ್ದೆ. ಮಾವ ಅದನ್ನು ಎರಡು ಸಲ ಓದಿಸಿದರು. ಹಾಡನ್ನೇ ಬಿಡದವರು ಅಂಚನ್ನು ಬಿಡುತ್ತಾರಾ ಎಂದು ಕೇಳಿ, ಶನಿವಾರಕ್ಕೂ ಕಾಯದೆ ಕಾರ್ಡು ತೆಗೆಸಿದರು.

ಆ ವಾರವೇ ನನಗೆ ಮೊದಲ ಮೊಮ್ಮಗಳು ಹುಟ್ಟಿದ್ದಳು. ಹಿಂದಿನ ದಿನವಷ್ಟೇ ಚಳ್ಳಕೆರೆಯ ಆಸ್ಪತ್ರೆಗೆ ಹೋಗಿ ಮಗುವನ್ನು ಎತ್ತಿ ಆಡಿಸಿ ಬಂದಿದ್ದೆ. ಅಂಗೈಯಷ್ಟು ಮುಖ, ಆ ಮುಖದಲ್ಲಿ ನಮ್ಮವ್ವನ ಮೂಗು. ಬಸ್ಸಿನಲ್ಲಿ ಬರುವಾಗ ಗುರುತಿಲ್ಲದವರಿಗೆಲ್ಲ ಹೇಳಿದ್ದೆ. ಕಂಡಕ್ಟರು ಗೊತ್ತಾಯ್ತು ಕೂತ್ಕಳ್ರಿ ಅಂದಿದ್ದ. ಆ ಕುಣಿಯುವ ಮನಸ್ಸಿನಲ್ಲಿ ಮಾವನ ಮಾತು ಬರೆಯಲು ಕೂತರೆ, ಕಾಗದ ಶುರುವಿನಿಂದಲೇ ಜಗಳದ ಹಾಗೆ ಕಂಡಿತು. ನಮ್ಮಲ್ಲಿ ಸಾವಿನ ಸುದ್ದಿ ಬಿಟ್ಟರೆ ಯಾವ ಕಾಗದವನ್ನೂ ಹಾಗೆ ನೇರವಾಗಿ ಶುರು ಮಾಡುವುದಿಲ್ಲ. ಮೊದಲ ಸಾಲಿನಲ್ಲಿ ಕ್ಷೇಮ, ಸಂತೋಷ, ಆಮೇಲೆ ಕಷ್ಟಸುಖ. ಮೇಲೆ ಒಂದಿಷ್ಟು ಜಾಗ ಉಳಿದಿತ್ತು. "ನಮ್ಮೂರಿಗೆ ಕಂಪ್ಯೂಟರ್ ಬರುತ್ತಿರುವುದು ನೇಕಾರರಾದ ನಮಗೆಲ್ಲ ಬಹಳ ಸಂತೋಷದ ವಿಷಯ" ಎಂದು ನಾನೇ ಸೇರಿಸಿದೆ. ಬರೆದದ್ದನ್ನು ಮಾವನಿಗೆ ಓದಿ ಹೇಳುವಾಗ ಆ ಸಾಲು ಬಿಟ್ಟು ಓದಿದೆ. ತಪ್ಪು ಅನಿಸಲಿಲ್ಲ. ಒಳ್ಳೆಯದನ್ನೇ ಮಾಡಿದೆ ಅನಿಸಿತು. ನನ್ನ ಸಂತೋಷ ತುಂಬಿ ಅವರ ಕಾರ್ಡಿನ ಮೇಲೆ ಚೆಲ್ಲಿತು, ಅಷ್ಟೇ.

ಹತ್ತು ದಿನಕ್ಕೆ ಪತ್ರಿಕೆ ಬಿಡಿಸಿದರೆ ಮಾವನ ಹೆಸರು. ನಾನು ರಾಟೆ ತಳ್ಳಿ ಎದ್ದು ನಿಂತುಬಿಟ್ಟೆ. ಬಂದೈತೆ ಮಾವ, ನಿಮ್ಮ ಕಾಗದ ಬಂದೈತೆ ಅಂದೆ. ಅವರು ಪಂಚೆ ಸರಿಮಾಡಿಕೊಂಡು ನೆಟ್ಟಗೆ ಕೂತರು. ಓದಿದೆ. ನಾನು ಸೇರಿಸಿದ ಸಾಲು ಮುಗಿಯಿತು. ಅದರ ಕೆಳಗೆ ಅವರ ಹೆಸರು, ಊರು.

"ಮಿಕ್ಕದ್ದು ಓದು."

"ಇಷ್ಟೇ ಇರೋದು ಮಾವ."

"ಇದು ನಾನು ಹೇಳಿದ್ನಾ?"

"ಇಲ್ಲ ಮಾವ. ನಾನೇ ಹಾಕ್ದೆ. ಮೊಮ್ಮಗಳು ಹುಟ್ಟಿದ್ಲಲ್ಲ..." ಅಂದೆ.

ಅವರು ಬೈಯಲಿಲ್ಲ. ಹೆಬ್ಬೆರಳು ಕೂಡ ಆಡಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾದದ್ದು. ಮಗು ಯಾರ ಹಂಗೈತೆ ಎಂದು ಕೇಳಿದರು. ನಮ್ಮವ್ವನ ಹಂಗೆ ಅಂದೆ. ಆಯಿತು, ಕಂಡಿಕೆ ಸುತ್ತು ಅಂದರು.

ಎರಡು ದಿನಕ್ಕೆ ಸಂಘದ ಅಂಗಳದಲ್ಲಿ ಸಭೆ. ಕಂಡಿಕೆ ಸುತ್ತುವ ಹೆಂಗಸರು ನಾವು ಹಿಂದೆ ಗೋಡೆಗೆ ಒರಗಿ ಕೂತಿದ್ದೆವು. ಕಾರ್ಯದರ್ಶಿ ಪತ್ರಿಕೆಯ ತುಂಡನ್ನು ಎತ್ತಿ ಹಿಡಿದು ಆ ಸಾಲು ಓದಿದ. ಇಡೀ ಊರಿನಲ್ಲಿ ಎದುರು ಮಾತಾಡಬಹುದಾದವರು ಮಾವ ಒಬ್ಬರೇ, ಅವರೇ ಸಂತೋಷ ಎಂದ ಮೇಲೆ ಇನ್ನು ಮಾತೇನಿದೆ ಎಂದ. ಆಗ ವಯಸ್ಸಾದ ನೇಕಾರನೊಬ್ಬ ಎದ್ದ. ಅವನಿಗೆ ಅನುಮಾನ.

"ಮಾವ, ಇದು ನೀವಾಡೋ ಮಾತಲ್ಲ. ನಿಮ್ಮ ಕಾಗದ ಬರೆಯೋದು ಆ ಕಂಡಿಕೆಯಾಕೆ. ಆಕೆ ಏನಾನ ಸೇರಿಸಿದ್ಲಾ ಹೆಂಗೆ?"

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಬೇರೆಯವರ ಮಾತಿನಲ್ಲಿ ತನ್ನದನ್ನು ಬೆರೆಸುವವಳು ರೇಷ್ಮೆಯಲ್ಲಿ ಏನು ಬೆರೆಸಳು? ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆ ಸಾಲು ನನ್ನದಲ್ಲ ಎಂದು ಮಾವ ಅಂದರೆ ಅವರ ಮಾತು ಉಳಿಯುತ್ತದೆ, ಟ್ರಂಕು ಉಳಿಯುತ್ತದೆ. ಆದರೆ ನಾಳೆಯಿಂದ ನನಗೆ ರೇಷ್ಮೆ ಕೊಡುವವರಿಲ್ಲ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಕೂತೆ. ಎದ್ದು ನಿಂತು ನಿಜ ಹೇಳಬೇಕಾದವಳು ನಾನು. ಏಳಲಿಲ್ಲ.

ಮಾವ ಕೋಲೂರಿ ಎದ್ದರು. "ನಾನೇ ಬರೆಸಿದ್ದು. ಸಂತೋಷ ಅಂದಿದ್ದೂ ನಾನೇ. ಅದರ ಮುಂದೆ ಇನ್ನೂ ಮಾತಿದ್ವು, ಪೇಪರ್‌ನೋರು ಹಾಕ್ಲಿಲ್ಲ. ಆ ಮಾತು ಏನು ಅಂದ್ರೆ..."

ಆ ಮಾತು ಯಾರಿಗೂ ಬೇಕಿರಲಿಲ್ಲ. ಮೊದಲಿನದಕ್ಕೇ ಚಪ್ಪಾಳೆ ಬಿದ್ದಿತ್ತು. ಅವರು ಚಪ್ಪಾಳೆ ನಿಲ್ಲಲಿ ಎಂದು ಸ್ವಲ್ಪ ಹೊತ್ತು ಕಾದರು. ನಿಂತಾಗ ಕಾರ್ಯದರ್ಶಿ ಮುಂದಿನ ವಿಷಯಕ್ಕೆ ಹೋಗಿದ್ದ. ಮಾವ ಕೂತರು.

ಟ್ರಂಕು ಸಂಘಕ್ಕೆ ಹೋಯಿತು. ಸಂತೋಷ ಎಂದವರು ಕೊಡುವುದಿಲ್ಲ ಎನ್ನುವುದು ಹೇಗೆ? ಬಿಟ್ಟುಹೋದ ಮಾತುಗಳನ್ನಾದರೂ ಹಾಕಿ ಎಂದು ಶನಿವಾರ ಶನಿವಾರ ಅದೇ ಕಾರ್ಡು ಮತ್ತೆ ಬರೆಸಿದರು. ಈ ಸಲ ನಾನು ಒಂದು ಚುಕ್ಕಿಯನ್ನೂ ಸೇರಿಸಲಿಲ್ಲ. ಪತ್ರಿಕೆಯವರು ಒಂದನ್ನೂ ಹಾಕಲಿಲ್ಲ. ಕೊನೆಕೊನೆಗೆ ಆ ಪುಟದ ಕೆಳಗೆ, ಇ-ಮೇಲ್ ಮಾಡಿದರೆ ಉತ್ತಮ ಎಂದು ಅಚ್ಚಾಗತೊಡಗಿತು. ಅದನ್ನು ಓದಿದಾಗ ಮಾವ, ಇನ್ನು ಮಾತಾಡೋಕೂ ಕೀಲಿ ಬೇಕು ಅಂದರು. ಟೀ ಅಂಗಡಿಯಲ್ಲಿ ಅವರು ಯಾವುದರ ಬಗ್ಗೆ ಬಾಯಿ ತೆರೆದರೂ, ನೀವೇ ಸಂತೋಷ ಅಂದ್ರಲ್ಲ ಮಾವ ಎಂದು ಹುಡುಗರು ನಗುತ್ತಿದ್ದರು. ಅವರು ಲೋಟ ಕೆಳಗಿಟ್ಟು ಬಂದುಬಿಡುತ್ತಿದ್ದರು. ಒಬ್ಬರಿಗಾದರೂ ನನ್ನ ಹೆಸರು ಹೇಳಲಿಲ್ಲ.

ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ ಚಳ್ಳಕೆರೆಗೆ ಹೋದಾಗ ಒಂದು ಬಟ್ಟೆ ಅಂಗಡಿಯ ಬಾಗಿಲಲ್ಲಿ ಸೀರೆ ತೂಗುಬಿಟ್ಟಿದ್ದರು. ಪವರ್‌ಲೂಮಿನ ಅಗ್ಗದ ಸೀರೆ. ಅದರ ಅಂಚು ಮಾವನ ತಾತನದು. ಟ್ರಂಕಿನಲ್ಲಿ ಎಷ್ಟು ಸಲ ನೋಡಿದ್ದೆನೋ. ಯಾರು ಕೊಟ್ಟರು, ಹೇಗೆ ಹೋಯಿತು, ಇವತ್ತಿಗೂ ನನಗೆ ಗೊತ್ತಿಲ್ಲ. ಅಂಗಡಿಯವನನ್ನು ಕೇಳಿದೆ. ಕಟ್ಟಿನಲ್ಲಿ ಬರ್ತವೆ ಬೇ, ತಗಳ್ಳೋದಾದ್ರೆ ತಗಳ್ರಿ ಅಂದ. ಊರಿಗೆ ಬಂದು ಮಾವನ ಮುಂದೆ ಅಳುತ್ತಾ ಹೇಳಿದೆ.

"ಸೀರೆ ಮೈ ಬಣ್ಣ ಯಾವ್ದು?"

"ಗಿಣಿ ಹಸಿರು ಮಾವ."

"ಆ ಅಂಚಿಗೆ ಗಿಣಿ ಹಸಿರು ಹೊಂದಲ್ಲ. ಕದಿಯೋರು ನೆಟ್ಟಗಾದ್ರೂ ಕದೀಬಾರ್ದಾ" ಅಂದರು.

ಅದಾದ ಮೂರನೇ ವರ್ಷ ಮಾವ ಹೋದರು. ಹಿಂದಿನ ದಿನವೂ ಪತ್ರಿಕೆ ಓದಿಸಿಕೊಂಡಿದ್ದರು. ಸಾವಿನ ಮನೆಗೆ ಬಂದವರಲ್ಲಿ ಯಾರೋ, ಕಂಪ್ಯೂಟರಿಗೆ ಮೊದಲು ಸ್ವಾಗತ ಹೇಳಿದ ಹಿರಿಯರು ಎಂದು ಹೊಗಳಿದರು. ನಾನು ಅಲ್ಲಿಯೂ ಬಾಯಿ ಬಿಡಲಿಲ್ಲ. ಅವರು ಉಳಿಸಿಕೊಟ್ಟ ರೇಷ್ಮೆಯನ್ನು ಸುತ್ತಿ ಸುತ್ತಿಯೇ ನನ್ನ ಕೊನೆಯ ಮಗಳ ಮದುವೆ ಮಾಡಿದ್ದು.

ಆ ಮೊಮ್ಮಗಳಿಗೆ ಈಗ ಏಳು ವರ್ಷ. ಶಾಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಾಳಂತೆ, ಅಜ್ಜಿಯ ಹೆಸರನ್ನು ಅದರಲ್ಲಿ ಬರೆದಳಂತೆ. ಕೇಳಿ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನನ್ನ ಸಂತೋಷಕ್ಕೆ ನಾನು ನಾಚಿಕೊಳ್ಳುವುದಿಲ್ಲ. ಅದನ್ನು ಇನ್ನೊಬ್ಬರ ಹೆಸರಿನಲ್ಲಿ ಅಚ್ಚು ಹಾಕಿಸಿದ್ದಕ್ಕೆ ನಾಚುತ್ತೇನೆ. ಆ ಸಾಲು ಮಾವನದಲ್ಲ, ನನ್ನದು. ಮಾವ ಹೇಳಿದ್ದನ್ನು ಎಷ್ಟೋ ಶನಿವಾರ ಬರೆದು ಬರೆದು ನನಗೆ ಬಾಯಿಪಾಠವಾಗಿದೆ. ಅದು ಇಷ್ಟು:

"ನಮ್ಮೂರಿನ ಸೀರೆಯ ಅಂಚುಗಳನ್ನು ಕಂಪ್ಯೂಟರಿಗೆ ಹಾಕುತ್ತಾರಂತೆ. ಹಾಕಲಿ. ಹಾಕುವ ಮುಂಚೆ ಎರಡು ಮಾತು ಬರೆದುಕೊಡಲಿ. ಅಂಚು ಊರು ಬಿಟ್ಟು ಹೋಗುವಾಗ ನೇಯ್ದವನನ್ನು ಕೇಳಬೇಕು. ಬೇರೆಯವರು ನೇಯ್ದರೆ ಇದು ಇಂಥವರ ಅಂಚು ಎಂದು ಹೇಳಬೇಕು. ಹಾಡು ಕದ್ದವರನ್ನು ಪೊಲೀಸರು ಹಿಡಿದರು ಎಂದು ನಿಮ್ಮ ಪತ್ರಿಕೆಯಲ್ಲೇ ಕೇಳಿದ್ದೇನೆ. ಅಂಚು ಕದ್ದರೆ ನಾವು ಯಾರ ಹತ್ತಿರ ಹೋಗಬೇಕು, ದಯವಿಟ್ಟು ತಿಳಿಸಿ."