ನರ್ಸ್ ಆಂಟಿ ಮತ್ತು ಇಂಗ್ಲೆಂಡಿನ ಓಟಿನ ಚೀಟಿ

2016ರ ಜೂನ್ 24, ಶುಕ್ರವಾರ, ಬೆಳಿಗ್ಗೆ 5.40. ನರ್ಸ್ ಆಂಟಿ ನಮ್ಮ ಬಾಗಿಲು ತಟ್ಟಿದಾಗ ಅವರ ನೈಟಿಯ ಎದೆಯ ಮೇಲೂ ಆ ಗಡಿಯಾರ ತಲೆಕೆಳಗಾಗಿ ತೂಗುತ್ತಿತ್ತು. ರೋಗಿಯ ನಾಡಿ ಹಿಡಿದುಕೊಂಡೇ ನೋಡಲು ಅನುಕೂಲವಾಗಲೆಂದು ನರ್ಸುಗಳು ಪಿನ್ನಿನಿಂದ ಸಿಕ್ಕಿಸಿಕೊಳ್ಳುವ ಗಡಿಯಾರ. ಅದಿಲ್ಲದೆ ಅವರನ್ನು ನಾನು ನೋಡಿದ್ದು, ನನ್ನ ಡೈರಿಯ ಪ್ರಕಾರ, ಎರಡೇ ಸಲ.

ದುಬೈಯ ಕರಾಮ ಬಡಾವಣೆಯ ಹಳೆಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಅವರದು ನಮ್ಮ ಎದುರಿನ ಫ್ಲ್ಯಾಟು. ಮಂಗಳೂರಿನ ಕೊಂಕಣಿ ಕ್ರೈಸ್ತರು. ಇಪ್ಪತ್ತೆರಡನೆಯ ವಯಸ್ಸಿಗೆ ದುಬೈಗೆ ಬಂದವರು, ಗಂಡ ತೀರಿಕೊಂಡ ಮೇಲೆ ಮಗಳನ್ನು ಒಬ್ಬರೇ ಬೆಳೆಸಿದರು. ನಾನು ಅಕ್ಕ ಎನ್ನುತ್ತಿದ್ದ ಆ ಮಗಳು ಗೋವಾದ ಹುಡುಗನನ್ನು ಮದುವೆಯಾಗಿ ಇಂಗ್ಲೆಂಡಿಗೆ ಹೋಗಿದ್ದಳು. ಗೋವಾ ಹಿಂದೆ ಪೋರ್ಚುಗೀಸರದ್ದಾಗಿದ್ದರಿಂದ ಅಳಿಯನಿಗೆ ಪೋರ್ಚುಗಲ್ ಪಾಸ್‌ಪೋರ್ಟ್ ಸಿಕ್ಕಿತ್ತು. ಬ್ರಿಟನ್ ಯುರೋಪ್ ಒಕ್ಕೂಟದಲ್ಲಿ ಇರುವತನಕ ಅದರ ಬಲದಲ್ಲಿ ಇಬ್ಬರೂ ಅಲ್ಲಿರಬಹುದಿತ್ತು. ಒಕ್ಕೂಟದಲ್ಲಿ ಉಳಿಯಬೇಕೇ, ಹೊರಬರಬೇಕೇ ಎಂದು ಬ್ರಿಟನ್ ಹಿಂದಿನ ದಿನ ಓಟು ಹಾಕಿತ್ತು. ಅಕ್ಕನಿಗೆ ಆಗ ಆರು ತಿಂಗಳು.

ಇಂಗ್ಲಿಷ್ ಸುದ್ದಿ ಚಾನೆಲ್ ಬರುತ್ತಿದ್ದುದು ನಮ್ಮ ಟಿವಿಯಲ್ಲಿ. ಅದಕ್ಕೇ ಆಂಟಿ ಬಂದಿದ್ದರು. ಹದಿನಾರು ವರ್ಷದ ನಾನು ನೋಟ್‌ಬುಕ್ಕಿನಲ್ಲಿ ಎರಡು ಅಂಕಣ ಎಳೆದು, ಒಂದೊಂದು ಊರಿನ ಫಲಿತಾಂಶ ಬಂದಂತೆ ‘ಇರೋಣ’, ‘ಹೋಗೋಣ’ ಎಂಬಲ್ಲಿ ಗೀಟು ಹಾಕುತ್ತ ಕುಳಿತೆ. ‘ಹೋಗೋಣ’ ಅಂಕಣ ಬೇಗ ಬೇಗ ತುಂಬುತ್ತಿತ್ತು. ಆಂಟಿಗೆ ಅದು ನಮ್ಮೂರಿನ ಎಣಿಕೆಯಂತೆ ಕಂಡಿರಬೇಕು. ಇನ್ನೂ ಸುತ್ತುಗಳಿವೆ, ಕೊನೆಯ ಸುತ್ತಿನಲ್ಲಿ ಎಲ್ಲ ತಿರುಗುತ್ತದೆ ಎನ್ನುತ್ತಿದ್ದರು. ಅಲ್ಲಿ ಸುತ್ತುಗಳಿಲ್ಲ, ಒಂದೂರಿನ ಲೆಕ್ಕ ಒಮ್ಮೆ ಬಂದರೆ ಮುಗಿಯಿತು ಎಂದು ನಾನು ಹೇಳಲಿಲ್ಲ.

ಅಪ್ಪ ಉಡುಪಿಯ ತುಳುವರು, ಎಲ್ಲರನ್ನೂ ಕೆಣಕುವ ಸ್ವಭಾವ. ಚಹಾ ತಂದುಕೊಟ್ಟು ಕೇಳಿದರು: “ಅಳಿಯ ಪೋರ್ಚುಗಲ್, ಮಗಳು ಇಂಡಿಯಾ. ಹುಟ್ಟುವ ಮಗು ಎಲ್ಲಿಯದ್ದು ಸಿಸ್ಟರ್?”

“ಕರಾಮದ್ದು” ಎಂದರು ಆಂಟಿ, ಟಿವಿಯಿಂದ ಕಣ್ಣು ತೆಗೆಯದೆ.

ಆ ಮಾತಿನ ಓಘದಲ್ಲೇ ಅವರು ಒಂದು ತಮಾಷೆ ಹೇಳಿದರು. ಮೇ ತಿಂಗಳಲ್ಲಿ ಅಕ್ಕನ ಮನೆಗೆ ಅಂಚೆಯಲ್ಲಿ ಓಟಿನ ಚೀಟಿ ಬಂದಿತ್ತಂತೆ. ಯುರೋಪಿನ ಪಾಸ್‌ಪೋರ್ಟ್ ಇರುವ ಗಂಡನಿಗಲ್ಲ, ಇಂಡಿಯಾದ ಪಾಸ್‌ಪೋರ್ಟ್ ಇರುವ ಹೆಂಡತಿಗೆ. ಅಳಿಯ ಅಲ್ಲಿನ ನಗರಸಭೆಯ ಕಚೇರಿಗೆ ಇಬ್ಬರ ಹೆಸರನ್ನೂ ಬರೆದುಕೊಟ್ಟಿದ್ದ. ಅಲ್ಲಿ ಯಾರೋ ಅದಲುಬದಲು ಮಾಡಿದ್ದಾರೆ, ಏನು ಮಾಡಲಿ ಎಂದು ಅಕ್ಕ ತಾಯಿಗೆ ಫೋನ್ ಮಾಡಿ ಕೇಳಿದಳು. ಆಂಟಿ ಹೇಳಿದ್ದು ಎಂದಿನ ಮಾತೇ: ನಾವು ವೀಸಾದವರು, ನಮ್ಮದಲ್ಲದ್ದಕ್ಕೆ ಕೈ ಹಾಕಬಾರದು, ಚೀಟಿ ಹಿಡಿದುಕೊಂಡು ಹೋಗಿ ನಾಳೆ ಕೇಸಾದರೆ?

“ನಾವು ವೀಸಾದವರು” ಎಂಬ ಮಾತನ್ನು ಆ ಒಂದು ವರ್ಷದಲ್ಲೇ ನಾನು ನಲವತ್ತೊಂದು ಸಲ ಬರೆದುಕೊಂಡಿದ್ದೇನೆ. ಲಿಫ್ಟ್ ಹನ್ನೊಂದು ದಿನ ಕೆಟ್ಟು ನಿಂತಾಗ ಕಟ್ಟಡದವರೆಲ್ಲ ಸಹಿ ಹಾಕಿ ಮಾಲೀಕರಿಗೆ ಪತ್ರ ಕೊಟ್ಟರು. ಆಂಟಿ ಸಹಿ ಹಾಕಲಿಲ್ಲ. ಡ್ಯೂಟಿ ಮುಗಿಸಿ ನಾಲ್ಕು ಮಹಡಿ ಹತ್ತಿ ಬಂದು, ಸಹಿ ಹಾಕಿದವರ ಬಿ.ಪಿ. ನೋಡಿಕೊಟ್ಟರು. ರಸ್ತೆ ಖಾಲಿಯಿದ್ದರೂ ಹಸಿರು ದೀಪ ಬರುವವರೆಗೆ ದಾಟುತ್ತಿರಲಿಲ್ಲ. ಕಟ್ಟಡದಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಬರುತ್ತಿದ್ದವರು ಅವರೇ. ಆದರೆ ಕಾಗದ ಕಂಡರೆ ಹಿಂದೆ ಸರಿಯುತ್ತಿದ್ದರು.

7.05ಕ್ಕೆ ಟಿವಿಯಲ್ಲಿ ಒಬ್ಬಳು ಯಾರು ಯಾರಿಗೆ ಓಟಿತ್ತು ಎಂದು ವಿವರಿಸತೊಡಗಿದಳು. ಬ್ರಿಟನ್ನಿನವರಿಗೆ, ಅಲ್ಲಿ ನೆಲೆಸಿದ ಕಾಮನ್‌ವೆಲ್ತ್ ದೇಶಗಳವರಿಗೆ. ಪೋರ್ಚುಗಲ್, ಪೋಲೆಂಡಿನಂಥ ಯುರೋಪಿನವರಿಗಿಲ್ಲ. ಏನೇ ಹೊಸದು ಕೇಳಿದರೂ ಬರೆದು, ಸರಿಯಿದೆಯೇ ಎಂದು ಗಟ್ಟಿಯಾಗಿ ಓದುವುದು ನನ್ನ ಚಟ. ಹಾಗೇ ಓದಿದೆ. ಆಂಟಿ ಕಪ್ಪನ್ನು ಕೆಳಗಿಟ್ಟರು.

“ಕಾಮನ್‌ವೆಲ್ತ್ ಅಂದ್ರೆ ಇಂಡಿಯಾ ಉಂಟಾ ಬಾಯೆ ಅದ್ರಲ್ಲಿ?”

ಉಂಟು ಎಂದೆ. ಫೋನಿನಲ್ಲಿ ಹುಡುಕಿ ತೋರಿಸಿದೆ. ಚೀಟಿ ಸರಿಯಾದ ಕೈಗೇ ಬಂದಿತ್ತು. ಆ ಮನೆಯಲ್ಲಿ ಓಟಿದ್ದುದು ಅಕ್ಕನೊಬ್ಬಳಿಗೇ.

7.40ಕ್ಕೆ, ಬ್ರಿಟನ್ ಹೊರಬರುತ್ತಿದೆ ಎಂದು ಚಾನೆಲ್ಲಿನವರು ಹೇಳಿಬಿಟ್ಟರು. ನಾನು ಪೆನ್ನು ಮುಚ್ಚಿದೆ. ಒಂದು ಓಟಿನಿಂದ ಏನೂ ಬದಲಾಗುತ್ತಿರಲಿಲ್ಲ, ಲಕ್ಷಗಟ್ಟಲೆ ಅಂತರವಿದೆ ಎಂದು ಅಪ್ಪ ಸಮಾಧಾನ ಹೇಳಿದರು.

“ಅಂತರದ ಮಾತಲ್ಲ ಮಾರಾಯ್ರೇ” ಎಂದರು ಆಂಟಿ. “ಗಂಡನಿಗೋಸ್ಕರ ಹೋಗಿ ಹಾಕುವ ಅಂತ ಅವಳಿಗೆ ಮನಸ್ಸಿತ್ತು. ನಾನು ಬಿಡ್ಲಿಲ್ಲ.”

ದುಬೈಯಿಂದ ವಾಟ್ಸ್ಯಾಪ್ ಕರೆ ಹೋಗುತ್ತಿರಲಿಲ್ಲ, ಧ್ವನಿ ಸಂದೇಶ ಹೋಗುತ್ತಿತ್ತು. ಆಂಟಿ ನಮ್ಮ ಬಾಲ್ಕನಿಯಲ್ಲಿ ನಿಂತು ಕೊಂಕಣಿಯಲ್ಲಿ ಎರಡು ಸಲ ಹೇಳಿ ಅಳಿಸಿದರು. ಮೂರನೆಯದನ್ನು ಕಳಿಸಿದರು. ನನಗೆ ಅರ್ಥವಾದಷ್ಟು ಇದು: “ತಪ್ಪು ನನ್ನದು. ಇನ್ನು ಇಂಥ ಚೀಟಿ ಬಂದ್ರೆ ನನ್ನ ಹತ್ರ ಕೇಳ್ಬೇಡ. ಹೋಗು.”

ಒಂಬತ್ತು ನಿಮಿಷದಲ್ಲಿ ಉತ್ತರ ಬಂತು. ಇಂಗ್ಲೆಂಡಿನಲ್ಲಿ ಇನ್ನೂ ಐದು ಗಂಟೆ. ಅಕ್ಕನ ಧ್ವನಿ ದಪ್ಪಗಾಗಿತ್ತು, ಅತ್ತಿರಬೇಕು. ಆದರೂ ಹೇಳಿದ್ದು ಸ್ಪಷ್ಟವಾಗಿತ್ತು: “ಮಮ್ಮಿ, ಇವರು ಡ್ಯೂಟಿಗೆ ಹೊರಟ್ರು, ಬುತ್ತಿ ಕಟ್ಟಿದೆ. ಸೋಮವಾರ ನನಗೆ ಸ್ಕ್ಯಾನಿಂಗ್ ಉಂಟು. ನಾವು ಎಲ್ಲಿಗೂ ಹೋಗುದಿಲ್ಲ.”

ಆಂಟಿ ಅದನ್ನು ನಾಲ್ಕು ಸಲ ಕೇಳಿದರು. ಆಮೇಲೆ ಬಟ್ಟೆ ಬದಲಿಸಿ, ಆಗೆಲ್ಲ ರಜೆಯ ದಿನವಾದ ಶುಕ್ರವಾರವೇ ನಡೆಯುತ್ತಿದ್ದ ವಾರದ ಪೂಜೆಗೆ ಇಗರ್ಜಿಗೆ ಹೋದರು.

ಅಕ್ಕನೂ ಅವಳ ಗಂಡನೂ ಎಲ್ಲಿಗೂ ಹೋಗಲಿಲ್ಲ ಕೂಡ. ಸೆಪ್ಟೆಂಬರಿನಲ್ಲಿ ಮಗು ಹುಟ್ಟಿತು. ಮೂರು ವರ್ಷ ಆತಂಕದಲ್ಲೇ ಕಳೆದ ಮೇಲೆ ಇಬ್ಬರಿಗೂ ಅಲ್ಲೇ ಉಳಿಯುವ ಪತ್ರ ಸಿಕ್ಕಿತು. ಆಂಟಿ ಕಾಗದಗಳ ವಿಷಯದಲ್ಲಿ ಬೇರೆಯೇ ಮನುಷ್ಯರಾದರು. 2017ರಲ್ಲಿ ನೀರಿನ ಟ್ಯಾಂಕಿನ ಬಗ್ಗೆ ಬರೆದ ಪತ್ರದಲ್ಲಿ ಮೊದಲ ಸಹಿ ಅವರದು. ನನಗೆ ಹದಿನೆಂಟು ತುಂಬಿದ ದಿನ ಉಡುಗೊರೆ ತರಲಿಲ್ಲ. ಅನಿವಾಸಿ ಮತದಾರರ ಪಟ್ಟಿಗೆ ಸೇರುವ ಅರ್ಜಿಯನ್ನು ಅಚ್ಚು ಹಾಕಿಸಿ ತಂದು, ತುಂಬಿಸುವವರೆಗೆ ಎದುರು ಕುಳಿತರು. ಇಂದು ನನ್ನ ಹೆಸರು ಉಡುಪಿಯ ಪಟ್ಟಿಯಲ್ಲಿರುವುದು ಅವರಿಂದ. ನಾನೀಗ ದುಬೈಯಲ್ಲೇ, ಅಲ್ ಬರ್ಷಾದಲ್ಲಿ ಕೆಲಸಕ್ಕಿದ್ದೇನೆ. ಮುಂದಿನ ಚುನಾವಣೆಗೆ ಊರಿಗೆ ಹೋಗಿ ಓಟು ಹಾಕಲೆಂದು ರಜೆ ಉಳಿಸುತ್ತಿದ್ದೇನೆ, ಈವರೆಗೆ ಆರು ದಿನ.

2021ರಲ್ಲಿ ಅವರು ನಿವೃತ್ತರಾಗಿ ಮಂಗಳೂರಿಗೆ ಹೋದರು. ಅಷ್ಟು ವಯಸ್ಸಾಗಿದ್ದರೂ ಒಮ್ಮೆಯೂ ಓಟು ಹಾಕಿರಲಿಲ್ಲ. ಹೆಸರು ಸೇರಿಸಲು ಕಚೇರಿಗೆ ಐದು ಸಲ ಅಲೆದ ಲೆಕ್ಕವನ್ನು ತಾವೇ ಬರೆದಿಟ್ಟು ನನಗೆ ಕಳಿಸಿದ್ದರು. 2024ರ ಏಪ್ರಿಲಿನಲ್ಲಿ, ಲೋಕಸಭಾ ಚುನಾವಣೆಯ ದಿನ 11.17ಕ್ಕೆ, ನನ್ನ ಫೋನಿಗೆ ಒಂದು ಚಿತ್ರ ಬಂತು. ಶಾಲೆಯೊಂದರ ಗೇಟಿನ ಮುಂದೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಮಸಿ ಹಚ್ಚಿದ ಬೆರಳು ಎತ್ತಿ ನಿಂತಿದ್ದಾರೆ. ಯಾರು ತೆಗೆದದ್ದು ಎಂದು ಕೇಳಿದೆ. “ಸಾಲಲ್ಲಿ ನನ್ನ ಹಿಂದೆ ಇದ್ದ ಹುಡುಗಿ, ನಿನ್ನದೇ ಪ್ರಾಯ. ಎರಡು ಗಂಟೆ ಮಾತಾಡಿದೆವು. ಅವಳಿಗೂ ಮೊದಲನೇ ಓಟು.”

ಆ ಅಕ್ಟೋಬರಿನಲ್ಲಿ ಆಂಟಿ ತೀರಿಕೊಂಡರು. ಅಕ್ಕ ಇಂಗ್ಲೆಂಡಿನಿಂದ ಬಂದು ಜೊತೆಗಿದ್ದಳು, ಮಗುವನ್ನೂ ಕರೆತಂದಿದ್ದಳು.

ಓಟಿನ ಸಾಲಿನ ಆ ಎರಡು ಗಂಟೆಗಳಲ್ಲಿ ಆಂಟಿ ಏನು ಮಾತಾಡಿದರೆಂದು ನನಗಾಗಲಿ ಅಕ್ಕನಿಗಾಗಲಿ ಗೊತ್ತಿಲ್ಲ. ಡೈರಿಯ ಆ ಪುಟವನ್ನು ಖಾಲಿ ಬಿಟ್ಟಿದ್ದೇನೆ. ಆ ಚಿತ್ರ ತೆಗೆದ ಹುಡುಗಿ ಇದನ್ನು ಓದಿದರೆ, ಅಥವಾ ಆ ಸಾಲಿನಲ್ಲಿ ನಿಂತ ಬೇರೆ ಯಾರಾದರೂ ಓದಿದರೆ, ದಯವಿಟ್ಟು ಬರೆಯಿರಿ.