ಮೀನಿಗೆ ಅಡುಗೆ, ಮೀನಿನ ಅಡುಗೆ

ಗಾಳ ಹಿಡಿದು ಕೂತ ಗಂಡಸಿನ ಬೆನ್ನು ಕಂಡರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಮುಖದ ಮಾತು ಬೇರೆ. ಮುಖ ಕಾಣುವಂತಿದ್ದರೆ ಅದರ ಮೇಲೆ ಒಂದಿಷ್ಟು ದಣಿವನ್ನೋ ಬೇಸರವನ್ನೋ ಕಂಡು ಅಯ್ಯೋ ಪಾಪ ಅನ್ನಬಹುದಿತ್ತು. ಆದರೆ ನದಿಯ ದಂಡೆಯಲ್ಲಿ ಹೆಂಗಸರ ಪಾಲಿಗೆ ಬರುವುದು ಬೆನ್ನು ಮಾತ್ರ. ಆ ಬೆನ್ನಿನ ಮೇಲೆ ಮತ್ತಿ ಮರದ ತಂಪು ನೆರಳಿರುತ್ತದೆ, ಅಂಗಿಯ ಇಸ್ತ್ರಿ ಕೂಡ ಮುರಿದಿರುವುದಿಲ್ಲ. ಸ್ವಲ್ಪ ಹೊತ್ತಿಗೆ ಬೆನ್ನು ತಿರುಗದೆಯೇ ಅದರಿಂದ ಒಂದು ದನಿ ಹೊರಡುತ್ತದೆ: "ಚಹಾ ಆತೇನ?"

ನನ್ನ ಗಂಡ ಪರಶುರಾಮ ಒಳ್ಳೆಯ ಮನುಷ್ಯ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಅವಕಾಶ ಸಿಗಲಿಕ್ಕಿಲ್ಲ. ಬೆಳಗಾವಿಯ ಒಂದು ಕಚೇರಿಯಲ್ಲಿ ಅವರು ಗುಮಾಸ್ತರು, ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವಳು. ಶಿವಬಸವ ನಗರದಲ್ಲಿ ಬಾಡಿಗೆಗಿದ್ದೇವೆ. ಎರಡು ಸಾವಿರದ ಇಸವಿ ಬಂದಾಗ ಲೋಕದ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂದು ಮಂದಿ ಹೆದರಿದ್ದರು. ಒಂದೂ ಕೆಡಲಿಲ್ಲ. ಕೆಟ್ಟದ್ದು ನಮ್ಮ ಮನೆಯ ರವಿವಾರ. ಯಾವುದೋ ಮದುವೆಗೆಂದು ಗೋವಾಕ್ಕೆ ಹೋದ ನನ್ನವರು ಪಣಜಿಯಿಂದ ಚಕ್ರವಿರುವ ಗಾಳವೊಂದನ್ನು ತಂದರು. ಅದನ್ನು ನೋಡಿ ಅವರ ಗೆಳೆಯ ದಸ್ತಗೀರರೂ ಒಂದು ತರಿಸಿದರು. ದಸ್ತಗೀರರದು ಕೋಟೆಯ ಹತ್ತಿರ ಗ್ಯಾರೇಜು, ಓಡಾಟಕ್ಕೆ ಒಂದು ಹಳೆಯ ವ್ಯಾನು. ಗಾಳವೂ ಆಯಿತು, ವ್ಯಾನೂ ಆಯಿತು. ಇನ್ನು ಬೇಕಾದದ್ದು ಕೂಲಿಯಾಳುಗಳು. ಅದಕ್ಕೆ ನಾನು ಮತ್ತು ದಸ್ತಗೀರರ ಹೆಂಡತಿ ಶಮೀಮ ಇದ್ದೆವು.

"ಫ್ಯಾಮಿಲಿ ಕೂಡಿ ಹೋಗೂಣು" ಎಂದು ನನ್ನವರು ಅಂದಾಗ ನಾನು ಎಷ್ಟು ಹಿಗ್ಗಿದೆ ಎಂದರೆ, ಹೊಸ ಸೀರೆಯನ್ನೇ ಉಟ್ಟುಕೊಂಡು ಹೊರಟೆ. ಹಿಗ್ಗಿಗೆ ಕಾರಣವಿತ್ತು. ನನ್ನ ತವರು ಖಾನಾಪುರದ ಬಳಿ, ಮಲಪ್ರಭೆಯ ದಂಡೆಯ ಒಂದು ಹಳ್ಳಿ. ಅಪ್ಪ ಎಮ್ಮೆಗಳ ಮೈತೊಳೆಯಲು ಹೊಳೆಗೆ ಹೊರಟರೆ ನಾನೂ ಬಾಲದಂತೆ ಹಿಂದೆ. ಬಿದಿರಿನ ಕೋಲಿಗೆ ದಾರ ಕಟ್ಟಿ ನನಗೆ ಗಾಳ ಮಾಡಿಕೊಟ್ಟಿದ್ದ. ಎಮ್ಮೆಗಳು ನೀರಿನಲ್ಲಿ, ನಾನು ಕಲ್ಲಿನ ಮೇಲೆ. ನಾನು ದೊಡ್ಡವಳಾದ ವರ್ಷ ಅವ್ವ ಆ ಕೋಲನ್ನು ನನ್ನ ಕೈಯಿಂದ ತೆಗೆದು ತಮ್ಮನಿಗೆ ಕೊಟ್ಟಳು. "ಸಾಕಿನ್ನ. ಹರೇದ ಹುಡುಗಿ ಹೊಳಿ ದಂಡ್ಯಾಗ ಕುಂತ್ರ ಮಂದಿ ಏನಂದಾರು?" ಅಂದಳು. ಅದೇ ದಂಡೆಯಲ್ಲಿ ಅದೇ ಹುಡುಗಿ ಬುಟ್ಟಿ ತುಂಬ ಬಟ್ಟೆ ಒಗೆದರೆ ಮಂದಿ ಏನೂ ಅನ್ನುತ್ತಿರಲಿಲ್ಲ. ತಮ್ಮನಿಗೆ ಮೀನಿನ ಗೊಡವೆಯೇ ಇರಲಿಲ್ಲ. ಆ ಕೋಲಿನಿಂದ ಅವನು ಹುಣಸೆಕಾಯಿ ಉದುರಿಸಿದ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಹೀಗಾಗಿ ಇಷ್ಟು ವರ್ಷಗಳ ಮೇಲೆ ಗಾಳ ಮತ್ತೆ ಕೈಗೆ ಬಂತು ಅಂದುಕೊಂಡೆ. ಬಂದದ್ದು ಸೀಮೆಎಣ್ಣೆ ಡಬ್ಬಿ, ಅಕ್ಕಿ, ಮಸಾಲೆ, ಕೊಬ್ಬರಿ, ಹೆರೆಮಣೆ ಮತ್ತು ದೊಡ್ಡ ಪಾತ್ರೆ. ನಮ್ಮ ಮನೆಯ ಮಾಲೀಕರು ಮೀನಿನ ಹೆಸರು ಕೇಳಿದರೇ ಮೂಗು ಮುಚ್ಚುವವರು. ಆದ್ದರಿಂದ ಹಿಡಿಯುವುದು, ಬೇಯಿಸುವುದು, ತಿನ್ನುವುದು ಎಲ್ಲ ಹೊಳೆಯ ಮೇಲೆಯೇ ಆಗಬೇಕು. ಈ ಮೂರರಲ್ಲಿ ನಡುವಿನದು ನಮ್ಮದು. ಇಷ್ಟೇ ಆಗಿದ್ದರೂ ಸಹಿಸಬಹುದಿತ್ತು. ಶನಿವಾರ ಸಂಜೆಯೇ ನನ್ನ ದುಡಿಮೆ ಶುರುವಾಗುತ್ತಿತ್ತು. ಗೋಧಿ ಹಿಟ್ಟಿಗೆ ಪುಠಾಣಿ ಪುಡಿ ಹಾಕಿ, ಘಮಕ್ಕೆ ಇಂಗು ಬೆರೆಸಿ, ನೀರಿನಲ್ಲಿ ಬೇಗ ಕರಗದ ಹಾಗೆ ಗಟ್ಟಿಯಾಗಿ ನಾದಿ ಕೊಡಬೇಕು. ಅದು ಗಾಳಕ್ಕೆ ಹಚ್ಚುವ ಹಿಟ್ಟು. "ನಿನ್ನಂಗ ಯಾರಿಗೂ ನಾದಾಕ ಬರೂದಿಲ್ಲ ನೋಡು" ಎಂದು ನನ್ನವರು ಹೊಗಳುತ್ತಿದ್ದರು. ಹೊಗಳಿಕೆಯೆಂದರೆ ಇನ್ನೊಂದು ಸಲ ಅದೇ ಕೆಲಸ ಬರುತ್ತದೆ ಎಂದರ್ಥ. ಮೊದಲು ಮೀನಿಗೆ ಅಡುಗೆ, ಆಮೇಲೆ ಮೀನಿನ ಅಡುಗೆ. ಭೂಮಿಯ ಮೇಲೆ ಇಂಥ ನೌಕರಿ ಇನ್ನೊಂದಿಲ್ಲ.

ಮೀನಾದರೂ ಸಿಗುತ್ತಿತ್ತೇ? ಬೆರಳುದ್ದದ ಒಂದು ಬಿದ್ದಿದ್ದರೂ ಅವತ್ತು ದೀಪಾವಳಿ ಆಗುತ್ತಿತ್ತು. ಒಮ್ಮೆ ಹರಿದ ಚಪ್ಪಲಿ ಬಿತ್ತು. ಅರೆದ ಮಸಾಲೆ ಹಾಳಾಗಬಾರದಲ್ಲ, ದಸ್ತಗೀರರು ವ್ಯಾನು ಹೊರಡಿಸಿ ಖಾನಾಪುರದ ಪೇಟೆಗೆ ಹೋಗಿ ಮೀನು ಕೊಂಡು ತರುತ್ತಿದ್ದರು. ಅದು ಸಮುದ್ರದ ಬಾಂಗಡೆ. ಅದನ್ನೂ ಇವರು ತಾವೇ ಹಿಡಿದವರ ಠೀವಿಯಲ್ಲಿ ತಿನ್ನುತ್ತಿದ್ದರು.

ನಾವು ಹೆಂಗಸರು ಸ್ವಲ್ಪ ಜೋರಾಗಿ ಮಾತಾಡಿದರೂ ಆ ಬೆನ್ನುಗಳಿಂದ "ಶ್! ಮೀನು ಹೆದರ್ತಾವ" ಎಂದು ಬರುತ್ತಿತ್ತು. ಆದರೆ ಆ ವರ್ಷ ಕ್ರಿಕೆಟ್ಟಿನಲ್ಲಿ ಯಾರು ಯಾರು ಆಟ ಮಾರಿಕೊಂಡರು ಎಂದು ಇವರಿಬ್ಬರೂ ಗಂಟಲು ಹರಿಯುವಂತೆ ವಾದ ಮಾಡಿದರೆ ಮೀನುಗಳು ಹೆದರುತ್ತಿರಲಿಲ್ಲ. ಮಲಪ್ರಭೆಯ ಮೀನುಗಳಿಗೆ ಹೆಂಗಸರ ದನಿ ಮಾತ್ರ ಕೇಳಿಸುತ್ತದೆ ಎಂದು ಕಾಣುತ್ತದೆ.

ಇತಿಹಾಸದ ಮಾಸ್ತರಿಣಿಯ ಚಟ, ಸ್ವಲ್ಪ ಸಹಿಸಿಕೊಳ್ಳಿ. ಪ್ರತಿವರ್ಷ ಮಕ್ಕಳನ್ನು ಹಲಸಿಯ ಹಳೆಯ ಗುಡಿಗಳಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಕದಂಬರ ವಿಷಯ ಹೇಳಿ, ಆಮೇಲೆ ಹಿಂದಿನ ಕಾಲದ ದಾನಶಾಸನಗಳ ಬಗ್ಗೆ ಹೇಳುತ್ತೇನೆ. ರಾಜರು ಭೂಮಿ ಕೊಡುವಾಗ ಬರೀ ಭೂಮಿ ಕೊಡುತ್ತಿರಲಿಲ್ಲ, ಅದರ ಅಷ್ಟಭೋಗಗಳನ್ನೂ ಕೊಡುತ್ತಿದ್ದರು: ನಿಧಿ, ನಿಕ್ಷೇಪ, ಜಲ, ಪಾಷಾಣ ಹೀಗೆ ಎಂಟು. ಎಷ್ಟೋ ವರ್ಷ ಇದನ್ನು ಗಿಳಿಪಾಠದಂತೆ ಹೇಳಿದ್ದೆ. ಹೊಳೆಯ ದಂಡೆಯಲ್ಲಿ ಕೂತು ಖಾರ ಅರೆಯುವಾಗ ಒಂದು ದಿನ ಅರ್ಥವಾಯಿತು. ಆ ಎಂಟರಲ್ಲಿ ಜಲವನ್ನು ಗಂಡಸರು ಇಟ್ಟುಕೊಂಡು ಪಾಷಾಣವನ್ನು ನಮಗೆ ಕೊಟ್ಟಿದ್ದಾರೆ. ಒಲೆಗೆ ಮೂರು ಕಲ್ಲು, ಅರೆಯಲು ಒಂದು ಕಲ್ಲು, ಬಟ್ಟೆ ಒಗೆಯಲು ಇನ್ನೊಂದು. ಭೋಗಕ್ಕೆ ಏನೂ ಕಡಿಮೆಯಿಲ್ಲ.

ನೀರಿನೊಳಗಿನ ಮೀನಿನ ಹೆಜ್ಜೆಯನ್ನಾದರೂ ಕಾಣಬಹುದು, ಹೆಣ್ಣಿನ ಮನಸ್ಸನ್ನು ಕಾಣಲಾಗದು ಎಂದು ನಿಟ್ಟುಸಿರು ಬಿಡುವ ಗಂಡಸರಿದ್ದಾರೆ. ನನ್ನ ಮನಸ್ಸು ಕಾಣಲು ಅಷ್ಟೆಲ್ಲ ಮುಳುಗು ಹಾಕಬೇಕಿರಲಿಲ್ಲ. ಕತ್ತು ಹಿಂದಕ್ಕೆ ತಿರುಗಿಸಿ, ನಿನಗೇನು ಬೇಕು ಎಂದು ಕೇಳಿದ್ದರೆ ಸಾಕಿತ್ತು. ನನಗೆ ಗಾಳ ಬೇಕಾಗಿತ್ತು.

ಮಳೆಗಾಲ ಮುಗಿದು ನೀರು ತಿಳಿಯಾದ ಒಂದು ರವಿವಾರ, ಖಾನಾಪುರದ ಈಚೆಗೆ ನಾವು ಯಾವಾಗಲೂ ಹೋಗುವ ಮಡುವಿನ ಹತ್ತಿರ, ನಾನು ಕೊಬ್ಬರಿ ಹೆರೆಯುತ್ತಿದ್ದೆ. ಶಮೀಮ ಊದುಕೊಳವೆಯಿಂದ ಒಲೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಿದ್ದಳು. ಆಗ ಬೆನ್ನು ಮಾತಾಡಿತು. "ಚಹಾ ಆತೇನ?"

ನನಗೆ ಏನಾಯಿತೋ. ಹೆರೆಮಣೆ ಬಿಟ್ಟು ಎದ್ದೆ, ನೆಟ್ಟಗೆ ಹೋಗಿ ಅವರ ಹಿಂದೆ ನಿಂತೆ. "ಏಳ್ರಿ" ಅಂದೆ.

"ಯಾಕ? ಹಾವು ಬಂತೇನ?" ಎಂದು ನನ್ನವರು ಗಾಬರಿಯಾಗಿ ಎದ್ದರು. ಅವರು ಎದ್ದ ಕಲ್ಲಿನ ಮೇಲೆ ನಾನು ಕೂತೆ. ಕೈಯಿಂದ ಗಾಳ ತೆಗೆದುಕೊಂಡೆ.

"ಏನ ಮಾಡಾಕತ್ತಿ?"

"ಮೀನ ಹಿಡ್ಯಾಕತ್ತೀನಿ. ನೀವು ಚಹಾ ಮಾಡ್ರಿ."

"ನಿನಗ ಬರತೈತೇನ ಇದು?"

"ನಿಮಗ ಬರತೈತೇನ? ಚಪ್ಲಿ ಹಿಡ್ಯಾಕ ಇಷ್ಟ ದೂರ ಬರಬೇಕಾಗಿತ್ತೇನ?"

ಅವರ ಮುಖ ಇಂಗು ತಿಂದ ಮಂಗನಂತಾಯಿತು. ಪಕ್ಕದ ಕಲ್ಲಿನ ಮೇಲಿದ್ದ ದಸ್ತಗೀರರು ಗೆಳೆಯನ ನೆರವಿಗೆ ಬಂದರು. "ಭಾಭಿ, ಬ್ಯಾಡ್ರಿ. ಹೆಣ್ಮಕ್ಕಳು ಗಾಳಾ ಮುಟ್ಟಿದ್ರ ಮೀನು ಆ ಮಡುವಾನ ಬಿಟ್ಟ ಹೋಗ್ತಾವಂತ. ನಮ್ಮ ಅಬ್ಬಾ ಹೇಳ್ತಿದ್ರು."

"ಹೋಗ್ಲಿ ಬಿಡ್ರಿ. ಹೆಂಗೂ ನಿಮ್ಮ ಕಡೆ ಬರೂವಲ್ಲವು" ಅಂದೆ.

ತಮಾಷೆಗೆ ಎಂದು ನಕ್ಕು ಗಾಳವನ್ನು ವಾಪಸು ಕೊಟ್ಟಿದ್ದರೆ ಎಲ್ಲರಿಗೂ ಹಿತವಾಗುತ್ತಿತ್ತು. ಆದರೆ ಅವತ್ತು ಕೊಟ್ಟರೆ ಅದು ಈ ಜನ್ಮದಲ್ಲಿ ನನ್ನ ಕೈಗೆ ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಶಮೀಮ ಊದುಕೊಳವೆ ಕೆಳಗಿಟ್ಟು ಬಂದಳು. ಅವಳು ಮಾತು ಕಡಿಮೆಯವಳು. ಗಂಡನ ಮುಂದೆ ನಿಂತು ಸುಮ್ಮನೆ ಕೈ ಚಾಚಿದಳು. ದಸ್ತಗೀರರು ನನ್ನ ಗಂಡನ ಮುಖ ನೋಡಿದರು. ಆ ಮುಖದಲ್ಲಿ ಯಾವ ಸಹಾಯವೂ ಇರಲಿಲ್ಲ. ಗಾಳ ಕೊಟ್ಟು ಎದ್ದರು.

ಈಗ ನನ್ನ ಸಿಟ್ಟಿಗೆ ತಕ್ಕ ಗಾತ್ರದ ಮೀನೊಂದು ಬೀಳಬೇಕಿತ್ತು. ಕಥೆಗಳಲ್ಲಿ ಇಂಥ ಕಡೆ ಬಿದ್ದೇ ಬೀಳುತ್ತದೆ. ನಾನೂ ಅದನ್ನೇ ಬೇಡಿಕೊಂಡೆ. ನೀರಿನ ಮೇಲಿನ ಬೆಂಡು ಒಮ್ಮೆ ಅಲುಗಿತು, ಮತ್ತೆ ಸುಮ್ಮನಾಯಿತು. ಎಳೆದು ನೋಡಿದರೆ ಕೊಂಡಿಯಲ್ಲಿ ಹಿಟ್ಟಿರಲಿಲ್ಲ. ಮತ್ತೆ ಹಚ್ಚಬೇಕೆಂದರೆ ಎದ್ದು ಡಬ್ಬಿ ತರಬೇಕು. ಬರಿಯ ಕೊಂಡಿಯನ್ನೇ ನೀರಿಗೆ ಬಿಟ್ಟೆ.

ಹಿಂದಿನಿಂದ ದನಿ ಬಂತು. "ಉಪ್ಪ ಎಲ್ಲಿಟ್ಟಿ?"

"ಶ್!" ಅಂದೆ, ತಿರುಗದೆ.

ದನಿ ಅಡಗಿಹೋಯಿತು. ನನಗೇ ನಂಬಿಕೆಯಾಗಲಿಲ್ಲ. ಇಷ್ಟು ಚಿಕ್ಕ ಶಬ್ದಕ್ಕೆ ಇಷ್ಟು ಶಕ್ತಿಯಿದೆ ಎಂದು ಗೊತ್ತಿದ್ದರೆ ಮದುವೆಯಾದ ವರ್ಷವೇ ಗಾಳ ಕೊಂಡುಬಿಡುತ್ತಿದ್ದೆ. ಹಿಂದೆ ಪಾತ್ರೆ ಬಿದ್ದ ಸದ್ದಾಯಿತು, ಯಾರೋ ಕೈ ಸುಟ್ಟುಕೊಂಡು "ಆಯಿಗ್ಗ!" ಅಂದರು. ಅನ್ನ ಸೀಯುವ ವಾಸನೆ ಬಂತು. ನಾನು ಏಳಲಿಲ್ಲ. ಎದುರಿನ ಕೊಂಬೆಯಿಂದ ಮಿಂಚುಳ್ಳಿಯೊಂದು ನೀರಿಗೆ ಬಿದ್ದು, ನಮಗೆ ಯಾರಿಗೂ ಸಿಗದ ಮೀನನ್ನು ಕಚ್ಚಿಕೊಂಡು ಹೋಯಿತು. ಅದನ್ನು ಪೂರ್ತಿ ನೋಡಿದೆ. ನಾನು ಬಸ್ಸಿನಲ್ಲಿ ಕೂತರೂ ಉತ್ತರಪತ್ರಿಕೆ ತಿದ್ದುವವಳು, ಟಿ.ವಿ. ಮುಂದೆ ಕೂತರೂ ಬೆಳ್ಳುಳ್ಳಿ ಸುಲಿಯುವವಳು. ಕೈ ಖಾಲಿಯಾಗಿ, ಅಲ್ಲ, ಕೈಯಲ್ಲಿ ಗಾಳ ತುಂಬಿದ್ದರಿಂದಲೇ ಖಾಲಿಯಾಗಿ ಹೀಗೆ ಕೂತು ಎಷ್ಟು ಕಾಲವಾಗಿತ್ತೋ. ಶಮೀಮಳ ಕಡೆ ನೋಡಿದೆ. ಅವಳು ಗಾಳವನ್ನು ಎರಡು ಮೊಣಕಾಲಿನ ನಡುವೆ ಸಿಕ್ಕಿಸಿ, ಕೂತಲ್ಲೇ ನಿದ್ದೆ ಮಾಡುತ್ತಿದ್ದಳು.

ಮಧ್ಯಾಹ್ನ ಸೀದ ಅನ್ನವನ್ನು ಮೀನಿಲ್ಲದ ಮೀನು ಸಾರಿನಲ್ಲಿ ಕಲಸಿ ಉಂಡೆವು. ನಾನು ಚೆನ್ನಾಗಿದೆ ಅಂದೆ. ನಿಜವಾಗಿಯೂ ಹೊಟ್ಟೆ ತುಂಬ ಉಂಡೆ. ನನ್ನವರಿಗೆ ಧೈರ್ಯ ಬಂದಿರಬೇಕು. ವ್ಯಾನಿನಲ್ಲಿ ಮರಳುವಾಗ ಕೇಳಿದರು, "ಒಂದೂ ಮುಟ್ಟಲಿಲ್ಲೇನ?"

"ಹಿಟ್ಟ ಕರಗಿ ಹೋಗಿತ್ತು. ನಾ ಮತ್ತ ಹಚ್ಚಲೇ ಇಲ್ಲ" ಅಂದೆ.

ಅವರು ಆನಂದದಿಂದ ನಕ್ಕರು. "ನಾನೂ ಹಚ್ಚೂದಿಲ್ಲ!"

"ಅಂದ್ರ?"

"ಮೀನು ಬಿದ್ರ ಬಿಡಸಬೇಕು, ಮತ್ತ ಹಚ್ಚಬೇಕು, ಅದೇನ ಕಡಿಮಿ ತ್ರಾಸಾ? ಬರೇ ಕೊಂಡಿ ಬಿಟ್ಟ ಕುಂತ್ರ ಆರಾಮ ಇರತೈತಿ. ಚಪ್ಲಿ ತಾನಾಗೇ ಸಿಕ್ಕಿದ್ದು."

"ಮತ್ತ ನಾ ವಾರ ವಾರ ನಾದಿ ಕೊಟ್ಟ ಹಿಟ್ಟು?"

ವ್ಯಾನು ನಡೆಸುತ್ತಿದ್ದ ದಸ್ತಗೀರರು ಕೆಮ್ಮಿದರು. ಕೆಮ್ಮಿನ ಅರ್ಥ ನನ್ನವರಿಗೆ ತಡವಾಗಿ ತಿಳಿಯಿತು. "ಅದನ್ನ... ನೀರಿಗೆ ಹಾಕ್ತೀವಿ. ಮೀನು ತಿಂತಾವ" ಅಂದರು.

ಅಲ್ಲಿಯವರೆಗೆ ನನಗಿದ್ದ ಸಿಟ್ಟೆಲ್ಲ ಈ ಸಿಟ್ಟಿನ ಮುಂದೆ ಕೂಸು. ಮೀನು ಹಿಡಿಯಲು ಬಾರದವರು ಎಂದು ಒಳಗೊಳಗೇ ಬೈಯುತ್ತಿದ್ದೆನಲ್ಲ, ಇವರು ಹಿಡಿಯಲು ಹೋದವರೇ ಅಲ್ಲ. ಹಿಟ್ಟು ಹೋದದ್ದಕ್ಕೆ ಉರಿಯಿತು, ನನ್ನ ತೋಳಿನ ನೋವಿಗೆ ಉರಿಯಿತು, ಆದರೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಬೇರೆ. ಸುಮ್ಮನೆ ಕೂತವರನ್ನು ಲೋಕ ಕರೆಯುತ್ತಲೇ ಇರುತ್ತದೆ, ಕೈಯಲ್ಲೊಂದು ಗಾಳ ಹಿಡಿದು ಕೂತರೆ ಕರೆಯುವುದಿಲ್ಲ. ಇಷ್ಟು ದೊಡ್ಡ ಸತ್ಯ ಇವರಿಗೆ ಗೊತ್ತಿತ್ತು. ಒಂದೇ ಮನೆಯಲ್ಲಿ, ಒಂದೇ ತಾಟಿನ ಉಪ್ಪಿನಕಾಯಿ ಹಂಚಿಕೊಂಡು ಉಣ್ಣುತ್ತ, ಇದನ್ನು ನನಗೆ ಹೇಳಲಿಲ್ಲ. ಅಪ್ಪನಿಗೂ ಗೊತ್ತಿತ್ತು ಅನ್ನಿಸುತ್ತದೆ. ಎಮ್ಮೆಯ ಮೈತೊಳೆಯಲು ಯಾರಿಗೂ ಅಷ್ಟು ಹೊತ್ತು ಬೇಕಾಗುವುದಿಲ್ಲ. ಅವ್ವನಿಗೆ ಮಾತ್ರ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಕೋಲನ್ನು ತಮ್ಮನಿಗೆ ಕೊಡುತ್ತಿದ್ದಳೇ? ತಾನೇ ಇಟ್ಟುಕೊಳ್ಳುತ್ತಿದ್ದಳು.

ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಅವಸರವೂ ನನಗಿಲ್ಲ. ಅದು ಇರುವವರೆಗೆ ಒಂದು ರವಿವಾರ ಅವರ ಪಾಳಿ, ಒಂದು ರವಿವಾರ ನಮ್ಮ ಪಾಳಿ ಎಂಬ ಕರಾರು ಗಟ್ಟಿಯಾಗಿರುತ್ತದೆ. ನನ್ನವರು ಈಗ ಒಳ್ಳೆಯ ಚಹಾ ಮಾಡುತ್ತಾರೆ. ಅನ್ನ ಮಾಡಲು ಇನ್ನೂ ಬಂದಿಲ್ಲ.

ಶಮೀಮಳಿಗೆ ಎರಡು ವಾರಕ್ಕೊಮ್ಮೆ ಸಾಕಾಗಲಿಲ್ಲ. ಅವಳದು ಮನೆಯಲ್ಲೇ ಹೊಲಿಗೆ ಕೆಲಸ, ಮನೆ ತುಂಬ ಮಂದಿ. ಒಂದು ಸಂಜೆ ದಸ್ತಗೀರರು ನಮ್ಮ ಬಾಗಿಲಿಗೆ ಬಂದರು, ಮುಖ ಸಪ್ಪಗಾಗಿತ್ತು. "ಬರ್ರಿ, ಕುಂದರ್ರಿ" ಎಂದರೆ ಕೂರಲೂ ಇಲ್ಲ.

"ಭಾಭಿ, ನೀವರ ಆಕಿಗೆ ಒಂದ ಮಾತ ಹೇಳ್ರಿ" ಅಂದರು. "ದಿನಾ ನಾಕ ಗಂಟೆ ಆತಂದ್ರ ಗಾಳಾ ತಗೊಂಡ ಕೋಟಿ ಕಂದಕದ ದಂಡಿಗೆ ಹೋಗಿ ಕುಂದರ್ತಾಳ. ಕರದ್ರ ಶ್ ಅಂತಾಳ. ಅಲ್ಲೆ ಬರೇ ಹುಲ್ಲು, ಕೆಸರು. ಖರೇ ಹೇಳ್ತೀನಿ, ಅಲ್ಲೆ ಒಂದೂ ಮೀನಿಲ್ಲ!"

"ಆಕಿಗೆ ಗೊತ್ತೈತಿ" ಅಂದೆ.